ಹಳೆಯ ಸೈಕಲಿನ ಆರೈಕೆ

ನಮ್ಮ ಕಾಸರಗೋಡಿನ ದಾರಿಗಳಲ್ಲಿ ಏರುತಗ್ಗು ಹೆಚ್ಚು, ಮಳೆಯೂ ಹೆಚ್ಚು. ಆದುದರಿಂದ ಶಾಲೆಗೆ ಬರುವ ಹಳೆಯ ಸೈಕಲಿನಲ್ಲಿ ಮೊದಲು ನೋಡಬೇಕಾದುದು ಬ್ರೇಕನ್ನು. ಕಂಬಿಯ ಬ್ರೇಕಿನಲ್ಲಿ ರಬ್ಬರುಗಳು ರಿಮ್ಮಿನ ಒಳಮೈಯನ್ನು ಒತ್ತಿ ಹಿಡಿಯುತ್ತವೆ. ಉಕ್ಕಿನ ರಿಮ್ಮು ಒದ್ದೆಯಾದರೆ ಈ ಹಿಡಿತ ಬಹಳ ಕಡಿಮೆಯಾಗುತ್ತದೆ. ಮಳೆಯಲ್ಲಿ ಇಳಿಜಾರು ಬರುವ ಮುಂಚೆಯೇ ಬ್ರೇಕನ್ನು ಮೆಲ್ಲಗೆ ಒತ್ತಿ ರಿಮ್ಮಿನ ನೀರನ್ನು ಒರೆಸಿಕೊಳ್ಳಬೇಕು. ಸವೆದ ರಬ್ಬರನ್ನು ಕೂಡಲೇ ಬದಲಾಯಿಸಬೇಕು.

ಚೈನನ್ನು ಸೀಮೆಎಣ್ಣೆಯಿಂದ ತೊಳೆದು, ಒಣಗಿಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಮಿಕ್ಕುದನ್ನು ಒರೆಸಿರಿ. ಹೊಸ ಚೈನಿನ 24 ಕೊಂಡಿಗಳನ್ನು ಪಿನ್ನಿನಿಂದ ಪಿನ್ನಿಗೆ ಅಳೆದರೆ ಸರಿಯಾಗಿ 12 ಇಂಚು. ಇಂಚಿನ ಎಂಟರಲ್ಲೊಂದು ಭಾಗ ಹೆಚ್ಚಾಗಿದ್ದರೆ ಚೈನು ಸವೆದಿದೆ ಎಂದರ್ಥ. ಹಾಗೆಯೇ ಬಿಟ್ಟರೆ ಹಲ್ಲಿನ ಚಕ್ರಗಳೂ ಸವೆಯುತ್ತವೆ.

ಚೈನಿಗೆ ಹಿತವಾದ ಎಣ್ಣೆ ರಿಮ್ಮಿಗೆ ತಾಗಬಾರದು. ಜಿಡ್ಡಾದ ರಿಮ್ಮನ್ನು ಬ್ರೇಕು ಹಿಡಿಯಲಾರದು. ಭಾನುವಾರಕ್ಕೊಮ್ಮೆ ಹೆತ್ತವರೂ ಮಕ್ಕಳೊಡನೆ ಕುಳಿತು ಇವನ್ನು ಪರೀಕ್ಷಿಸಲಿ.