ಶಾಲೆಯ ದಾರಿ: ‘ಹುಷಾರಾಗಿ ಹೋಗು’ ಎಂದರಷ್ಟೇ ಸಾಲದು

ಮಗುವಿಗೆ ಒಂದು ದಿನ ಜ್ವರ ಬಂದರೆ ತಾಯ್ತಂದೆಯರು ವೈದ್ಯರ ಬಳಿಗೆ ಓಡುತ್ತಾರೆ. ಲಸಿಕೆಯ ದಿನಾಂಕ ತಪ್ಪದಂತೆ ನೋಡಿಕೊಳ್ಳುತ್ತಾರೆ. ಆದರೆ 5ರಿಂದ 29 ವರ್ಷದವರ ಸಾವಿಗೆ ಪ್ರಪಂಚದಲ್ಲಿ ಮೊದಲನೆಯ ಕಾರಣ ರಸ್ತೆ ಅಪಘಾತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕೆ ಲಸಿಕೆ ಇಲ್ಲ. ಮುನ್ನೆಚ್ಚರಿಕೆಯೊಂದೇ ಮದ್ದು.

ಕುಂದಲಹಳ್ಳಿಯನ್ನೇ ನೋಡಿ. ಗೇಟ್ ಬಳಿಯ ಅಂಡರ್‌ಪಾಸ್ 2022ರಲ್ಲಿ ಸಂಚಾರಕ್ಕೆ ತೆರೆಯಿತು. 2023ರ ಮಾರ್ಚ್‌ನಲ್ಲಿ ಮೆಟ್ರೊ ಬಂತು. ದೊಡ್ಡವರ ಪ್ರಯಾಣ ಸುಲಭವಾಯಿತು. ಆದರೆ ಬೆಳಗಿನ ಹೊತ್ತು ಶಾಲೆಯ ಬಸ್ಸು, ಕಂಪನಿಗಳ ಕ್ಯಾಬು, ನೀರಿನ ಟ್ಯಾಂಕರು, ಸ್ಕೂಟರುಗಳೆಲ್ಲ ಒಂದೇ ರಸ್ತೆಗೆ ಇಳಿಯುತ್ತವೆ. ಬೆನ್ನಿಗೆ ಚೀಲ ಹೊತ್ತ ಮಗು ಇವುಗಳ ನಡುವೆಯೇ ದಾರಿ ಮಾಡಿಕೊಳ್ಳಬೇಕು.

ಮಗುವಿಗೆ ಕಾಣುವ ರಸ್ತೆಯೇ ಬೇರೆ

ಆರು ವರ್ಷದ ಮಗುವಿನ ಎತ್ತರ ಮೂರೂಮುಕ್ಕಾಲು ಅಡಿಯ ಆಸುಪಾಸು. ನಿಂತಿರುವ ಕಾರಿನ ಆಚೆ ಏನು ಬರುತ್ತಿದೆ ಎಂಬುದು ಅದಕ್ಕೆ ಕಾಣದು. ಚಾಲಕನಿಗೂ ಮಗು ಕಾಣದು. ಎದುರಿನ ವಾಹನ ಎಷ್ಟು ದೂರದಲ್ಲಿದೆ, ಎಷ್ಟು ವೇಗವಾಗಿ ಬರುತ್ತಿದೆ ಎಂದು ಅಂದಾಜು ಮಾಡುವ ಶಕ್ತಿ ಒಂಬತ್ತು–ಹತ್ತು ವರ್ಷದವರೆಗೆ ಪೂರ್ತಿ ಬೆಳೆದಿರುವುದಿಲ್ಲ. ರಸ್ತೆಯ ಆಚೆ ಗೆಳೆಯ ಕಂಡರೆ ಮಗುವಿನ ಗಮನವೆಲ್ಲ ಅವನ ಮೇಲೆಯೇ. ಇದು ತುಂಟತನವಲ್ಲ, ಮಿದುಳಿನ ಬೆಳವಣಿಗೆಯ ಹಂತ. ಆದ್ದರಿಂದ ‘ಹುಷಾರಾಗಿ ಹೋಗು’ ಎಂದು ಹೇಳಿ ಬಾಗಿಲು ಹಾಕಿಕೊಂಡರೆ ನಮ್ಮ ಹೊಣೆ ಮುಗಿಯುವುದಿಲ್ಲ.

ಹತ್ತು ವರ್ಷದೊಳಗಿನ ಮಗುವಿನ ಕೈ ಹಿಡಿದೇ ರಸ್ತೆ ದಾಟಿಸಿ. ಬೆರಳು ಕೊಟ್ಟರೆ ಸಾಲದು, ಮಣಿಕಟ್ಟು ಹಿಡಿಯಿರಿ. ರಜಾ ದಿನದಲ್ಲಿ ಒಮ್ಮೆ ಮಗುವಿನೊಂದಿಗೆ ಶಾಲೆಯ ದಾರಿಯಲ್ಲಿ ನಡೆದು ಎಲ್ಲಿ ನಿಲ್ಲಬೇಕು, ಎಲ್ಲಿ ದಾಟಬೇಕು ಎಂದು ತೋರಿಸಿ. ಹತ್ತಿರದ ದಾರಿಗಿಂತ ಪಾದಚಾರಿ ಮಾರ್ಗವಿರುವ ದಾರಿ ಮೇಲು.

ಸ್ಕೂಟರಿನಲ್ಲಿ

ಮಗುವನ್ನು ಮುಂದೆ ನಿಲ್ಲಿಸಿಕೊಳ್ಳುವುದು ಅಪಾಯ. ಬ್ರೇಕ್ ಒತ್ತಿದೊಡನೆ ಮುಖ ಹ್ಯಾಂಡಲಿಗೆ ಬಡಿಯುತ್ತದೆ. ಹಿಂದೆ ಕೂತ ಮಗುವಿನ ಪಾದ ಚಕ್ರದ ಕಡ್ಡಿಗೆ ಸಿಕ್ಕಿ ಹಿಮ್ಮಡಿಯ ಚರ್ಮ ಕಿತ್ತು ಬರುವುದುಂಟು; ಈ ಗಾಯ ವಾಸಿಯಾಗಲು ವಾರಗಳೇ ಬೇಕು. ಕಾಲು ಚಕ್ರಕ್ಕೆ ತಾಗದಂತೆ ಸೀರೆ ಗಾರ್ಡ್ ಇರಲಿ. ದುಪಟ್ಟ, ಸೆರಗು ಬಿಗಿಯಾಗಿ ಕಟ್ಟಿಕೊಳ್ಳಿ. ಭಾರದ ಚೀಲ ಮಗುವನ್ನು ಹಿಂದಕ್ಕೆ ಎಳೆಯುತ್ತದೆ. ಅದನ್ನು ನೀವೇ ಮುಂದೆ ಇಟ್ಟುಕೊಳ್ಳಿ.

ನಾಲ್ಕು ವರ್ಷ ಮೀರಿದ ಪ್ರತಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಹೆಲ್ಮೆಟ್ ಜೊತೆಗೆ ಸವಾರರಿಗೆ ಬಿಗಿಯುವ ಸುರಕ್ಷಾ ಪಟ್ಟಿ ಬೇಕು. ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಈ ನಿಯಮ 2022ರಲ್ಲಿ ಪ್ರಕಟವಾಯಿತು. ಹೆಲ್ಮೆಟ್ ತಲೆಗೆ ಪೆಟ್ಟಾಗುವ ಅಪಾಯವನ್ನು ಸುಮಾರು 69ರಷ್ಟು ಶೇಕಡಾ ತಗ್ಗಿಸುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಳ್ಳಲಾಗಿದೆ. ಐಎಸ್‌ಐ ಗುರುತು ನೋಡಿ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ತಲೆ ಅಲ್ಲಾಡಿಸಿದರೆ ಜಾರಬಾರದು. ‘ಮುಂದೆ ಬೆಳೆಯುತ್ತಾನೆ’ ಎಂದು ದೊಡ್ಡದು ಕೊಳ್ಳಬೇಡಿ.

ಕಾರಿನಲ್ಲಿಯೂ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂರಬೇಡಿ. ಡಿಕ್ಕಿಯಾದಾಗ ನಿಮ್ಮ ದೇಹದ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. ಹಿಂದಿನ ಸೀಟು, ಬೆಲ್ಟ್, ಚಿಕ್ಕವರಿಗೆ ಮಕ್ಕಳ ಸೀಟು ಇರಲಿ.

ವ್ಯಾನು ಮತ್ತು ಬಸ್ಸು

ಕುಂದಾಪುರ ಸಮೀಪದ ತ್ರಾಸಿಯಲ್ಲಿ 2016ರ ಜೂನ್ 21ರಂದು ಶಾಲೆಗೆ ಹೊರಟಿದ್ದ ಓಮ್ನಿ ವ್ಯಾನಿಗೆ ಬಸ್ಸು ಡಿಕ್ಕಿಯಾಗಿ ಎಂಟು ಮಕ್ಕಳು ಸತ್ತರು. ಅಂಥ ಪುಟ್ಟ ವ್ಯಾನಿನಲ್ಲಿ ಮಕ್ಕಳನ್ನು ತುಂಬಿ ಒಯ್ಯುವುದು ಇಂದಿಗೂ ನಿಂತಿಲ್ಲ. ತಿಂಗಳಿಗೆ ಕೆಲವು ನೂರು ರೂಪಾಯಿ ಉಳಿಯುತ್ತದೆಂದು ಒಪ್ಪಿಕೊಳ್ಳಬೇಡಿ.

ಶಾಲೆಯ ವಾಹನಗಳಿಗೆ ಸುಪ್ರೀಂ ಕೋರ್ಟ್ 1997ರಲ್ಲೇ ನಿಯಮ ಹಾಕಿದೆ. ಕರ್ನಾಟಕ 2012ರಲ್ಲಿ ತನ್ನದೇ ನಿಯಮಾವಳಿ ಮಾಡಿತು. ವಾಹನದಲ್ಲಿ ಸಹಾಯಕರು ಇದ್ದಾರೆಯೇ, ಕಿಟಕಿಗೆ ಸರಳು, ಬಾಗಿಲಿಗೆ ಬೀಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆಯೇ, ಎಷ್ಟು ಮಕ್ಕಳು ಕೂರುತ್ತಾರೆ ಎಂದು ಒಂದು ದಿನ ನೀವೇ ಹತ್ತಿ ನೋಡಿ. ಚಾಲಕರ ಹೆಸರು, ಮೊಬೈಲ್ ಸಂಖ್ಯೆ ನಿಮ್ಮ ಬಳಿ ಇರಲಿ.

ಬಸ್ಸಿನಿಂದ ಇಳಿದ ಮಗು ಅದರ ಮುಂದಿನಿಂದಲೋ ಹಿಂದಿನಿಂದಲೋ ರಸ್ತೆಗೆ ಓಡಬಾರದು. ಬಸ್ಸಿಗೆ ಅಂಟಿಕೊಂಡು ನಿಂತ ಚಿಕ್ಕ ಮಗು ಚಾಲಕನಿಗೆ ಕಾಣುವುದೇ ಇಲ್ಲ. ಬಸ್ಸು ಹೊರಟುಹೋಗುವವರೆಗೆ ಅಂಚಿನಲ್ಲಿ ನಿಂತು ಆಮೇಲೆ ದಾಟಬೇಕು. ಇಳಿಯುವ ಜಾಗದಲ್ಲಿ ಮನೆಯವರು ಬಸ್ಸು ನಿಲ್ಲುವ ಬದಿಯಲ್ಲೇ ಕಾಯಬೇಕು. ರಸ್ತೆಯಾಚೆ ನಿಂತು ‘ಬಾ ಮಗು’ ಎಂದು ಕರೆಯಬೇಡಿ.

ಕರೆದೊಯ್ಯಲು ಬೇರೆಯವರು ಬರುವುದಿದ್ದರೆ ಶಾಲೆಗೆ ಮೊದಲೇ ತಿಳಿಸಿ. ‘ಅಮ್ಮ ಕಳಿಸಿದ್ದಾರೆ’ ಎಂದು ಯಾರು ಹೇಳಿದರೂ ಹೋಗಬಾರದು, ಯಾರಾದರೂ ಮೈಮುಟ್ಟಿ ಕಿರುಕುಳ ಕೊಟ್ಟರೆ ಮನೆಯಲ್ಲಿ ಹೇಳಬೇಕು ಎಂದು ಮಗುವಿಗೆ ಕಲಿಸಿ. ಮಗು ಹೇಳಿದಾಗ ಗದರದೆ ಕೇಳಿ. ಮಕ್ಕಳ ಸಹಾಯವಾಣಿ 1098.

ಪೆಟ್ಟು ಬಿದ್ದರೆ

ಪ್ರಜ್ಞೆ ತಪ್ಪಿದ ಮಗುವಿಗೆ ನೀರು, ಕಾಫಿ ಕುಡಿಸಬೇಡಿ. ಅದು ಶ್ವಾಸಕೋಶಕ್ಕೆ ಹೋದೀತು. ಕುತ್ತಿಗೆಗೆ ಪೆಟ್ಟಾಗಿರಬಹುದಾದರೆ ಎತ್ತಿ ಮಡಚಿ ಆಟೊದಲ್ಲಿ ತುರುಕಬೇಡಿ. ತಲೆ, ಬೆನ್ನು ಅಲುಗಾಡದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಿ. ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿಹಿಡಿಯಿರಿ.

ತಲೆಗೆ ಪೆಟ್ಟು ಬಿದ್ದ ಮಗು ಎದ್ದು ಓಡಾಡಿದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಒಳಗಿನ ರಕ್ತಸ್ರಾವದ ಲಕ್ಷಣ ಕೆಲವು ಗಂಟೆಗಳ ನಂತರ ಕಾಣಬಹುದು. ಒಂದು ದಿನವಾದರೂ ಗಮನಿಸಿ. ಪದೇ ಪದೇ ವಾಂತಿ, ಎಬ್ಬಿಸಲಾಗದ ಮಂಪರು, ಹೆಚ್ಚುತ್ತಿರುವ ತಲೆನೋವು, ಫಿಟ್ಸ್, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೆ ನೀರಿನಂಥ ದ್ರವ, ಎರಡು ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ – ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಕೊನೆಯ ಮಾತು: ಮಕ್ಕಳು ನಾವು ಹೇಳಿದ್ದಕ್ಕಿಂತ ನಾವು ಮಾಡಿದ್ದನ್ನು ಕಲಿಯುತ್ತಾರೆ. ತಡವಾಯಿತೆಂದು ನೀವು ಒನ್ ವೇಯಲ್ಲಿ ಎದುರಿಗೆ ನುಗ್ಗಿದರೆ ಹಿಂದೆ ಕೂತ ಮಗುವೂ ಅದನ್ನೇ ಕಲಿಯುತ್ತದೆ. ಬೆಳಿಗ್ಗೆ ಹತ್ತು ನಿಮಿಷ ಮೊದಲು ಹೊರಡಿ. ಶಾಲೆಯ ದಾರಿಯಲ್ಲಿ ಅರ್ಧದಷ್ಟು ಅಪಾಯ ಹುಟ್ಟುವುದು ಆ ಹತ್ತು ನಿಮಿಷದ ಅವಸರದಲ್ಲೇ ಎಂದರೂ ತಪ್ಪಾಗದು.