ಕಲ್ಯಾಣದ ನೆಲದಲ್ಲಿ ಇಂಗ್ಲಿಷು ಸಾಹಿತ್ಯದ ಪಾಠ

ಬಸವಕಲ್ಯಾಣ, ಹುಮನಾಬಾದು ಪ್ರಾಂತದ ವಿದ್ಯಾರ್ಥಿಗೆ ಇಂಗ್ಲಿಷು ಎರಡನೆಯ ಭಾಷೆಯೆಂದು ಪಠ್ಯಕ್ರಮವು ಹೇಳಿದರೂ ವಸ್ತುತಃ ಅದು ಅವನ ಪಾಲಿಗೆ ನಾಲ್ಕನೆಯದೋ ಐದನೆಯದೋ ಆಗಿರುತ್ತದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ದಖನಿ ಉರ್ದು, ನೆಂಟರ ಊರಿನಲ್ಲಿ ಮರಾಠಿ, ಪೂರ್ವದ ಗಡಿಯತ್ತ ಹೋದರೆ ತೆಲುಗು. ಹುಮನಾಬಾದಿನ ಸಮೀಪದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು ಹಲವು ಭಾಷೆಗಳಲ್ಲಿ ಪದಗಳನ್ನು ರಚಿಸಿದ್ದು ಈ ನೆಲದ ಜನಕ್ಕೆ ವಿಚಿತ್ರವೆನಿಸಲಿಲ್ಲ. ಇಂಥ ಪರಿಸರದಲ್ಲಿ ಬೆಳೆದ ಮಗುವಿಗೆ ಹೊಸ ಭಾಷೆಯ ಭಯ ಸಹಜವಾಗಿ ಇರಬಾರದು. ಆದರೂ ಇಂಗ್ಲಿಷು ಪದ್ಯವೊಂದನ್ನು ಎದುರಿಗಿಟ್ಟೊಡನೆ ಅದೇ ಮಗು ಮೂಕವಾಗುತ್ತದೆ. ದೋಷವು ಮಗುವಿನಲ್ಲಿಲ್ಲ, ಬೋಧನಕ್ರಮದಲ್ಲಿದೆ.

ಇದಕ್ಕೊಂದು ಚಾರಿತ್ರಿಕ ಹಿನ್ನೆಲೆಯುಂಟು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ ಜಿಲ್ಲೆಯಲ್ಲಿ ಉರ್ದುವೇ ಶಿಕ್ಷಣದ ಹಾಗೂ ಕಚೇರಿಯ ಭಾಷೆಯಾಗಿತ್ತು. 1918ರಲ್ಲಿ ಸ್ಥಾಪಿತವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದ್ದೇ. ಭಾಲ್ಕಿಯ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡ ಕಲಿಸಿದರೆಂಬುದು ಜನಜನಿತವಾದ ಸಂಗತಿ. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ ಮೇಲೆ ಕನ್ನಡವು ತನ್ನ ಸ್ಥಾನವನ್ನು ಪಡೆಯಿತು. ಹೀಗೆ ಒಂದು ಭಾಷೆಗಾಗಿ ಹೋರಾಡಿದ ಜನ ಇಂಗ್ಲಿಷನ್ನು ನೌಕರಿಯ ಮೆಟ್ಟಿಲೆಂದಷ್ಟೇ ಕಂಡದ್ದು ಅಚ್ಚರಿಯಲ್ಲ. ಮೆಟ್ಟಿಲನ್ನು ಯಾರೂ ನಿಂತು ನೋಡುವುದಿಲ್ಲ. ಅದರ ಪದ್ಯ, ನಾಟಕ, ಕಥೆಗಳು ಗೈಡಿನ ಸಾರಾಂಶಗಳಾಗಿ, ಉರುಹಚ್ಚುವ ಪ್ರಶ್ನೋತ್ತರಗಳಾಗಿ ಉಳಿದವು. ಪರೀಕ್ಷೆಯಲ್ಲಿ ಉತ್ತಮ ಅಂಕಗಳನ್ನು ಪಡೆದವನೂ ತಾನು ಕಾಣದ ಇಂಗ್ಲಿಷು ಪುಟವೊಂದನ್ನು ಸ್ವತಂತ್ರವಾಗಿ ಓದಲಾರ. ಅವನು ಪಟ್ಟಣದ ಕಾಲೇಜಿನ ಮೆಟ್ಟಿಲೇರಿದಾಗ ಈ ಕೊರತೆ ಬಯಲಾಗುತ್ತದೆ, ಮತ್ತು ಅದನ್ನು ಅವನು ತನ್ನ ದಡ್ಡತನವೆಂದು ತಿಳಿಯುತ್ತಾನೆ.

ಸಾಹಿತ್ಯಪ್ರಕಾರಗಳು ಮೂರಾದರೆ ಓದುವ ಕ್ರಮವೂ ಮೂರಾಗಬೇಕು. ಮೂರಕ್ಕೂ ‘ಸಾರಾಂಶ ಬರೆಯಿರಿ, ನೀತಿಯನ್ನು ತಿಳಿಸಿರಿ’ ಎಂಬ ಒಂದೇ ಕೀಲಿಕೈ ಹಾಕಿದರೆ ಯಾವ ಬೀಗವೂ ತೆರೆಯದು.

ಮೊದಲು ಕಾವ್ಯ. ಕನ್ನಡದ ಲಯವು ಮಾತ್ರೆಗಳ ಅಳತೆಯನ್ನು ಅವಲಂಬಿಸಿದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಂಗ್ಲಿಷಿನ ಲಯವಾದರೋ ಉಚ್ಚಾರಣೆಯಲ್ಲಿ ಒತ್ತು ಬೀಳುವ ಅಕ್ಷರವನ್ನು ಅವಲಂಬಿಸಿದೆ. ಶೇಕ್ಸ್‌ಪಿಯರನ ನಾಟಕಗಳ ಪ್ರಧಾನ ಛಂದಸ್ಸಿನಲ್ಲಿ ಒತ್ತಿಲ್ಲದ ಅಕ್ಷರವೊಂದು, ಒತ್ತುಳ್ಳ ಅಕ್ಷರವೊಂದು ಸೇರಿ ಒಂದು ಗಣ, ಅಂಥ ಐದು ಗಣಗಳಿಗೆ ಒಂದು ಸಾಲು, ಅಂತ್ಯಪ್ರಾಸವಿಲ್ಲ. ಎಲ್ಲ ಅಕ್ಷರಗಳನ್ನೂ ಸಮತೂಕದಿಂದ ಓದುವ ನಮ್ಮ ತರಗತಿಯಲ್ಲಿ ಈ ಸಾಲು ಗದ್ಯವಾಗಿಬಿಡುತ್ತದೆ. ಬಿ. ಎಂ. ಶ್ರೀಕಂಠಯ್ಯನವರು 1920ರ ದಶಕದಲ್ಲಿ ‘ಇಂಗ್ಲಿಷ್ ಗೀತಗಳು’ ರಚಿಸುವಾಗ ಎದುರಿಸಿದ್ದು ಇದೇ ತೊಡಕನ್ನು. ಇಂಗ್ಲಿಷಿನ ಲಯವನ್ನು ಕಿವಿಯಲ್ಲಿಟ್ಟುಕೊಂಡು ಕನ್ನಡ ಮಾತ್ರಾಗಣಗಳನ್ನು ಅವರು ಹೊಸದಾಗಿ ಜೋಡಿಸಿದರು. ದ್ವಿತೀಯಾಕ್ಷರ ಪ್ರಾಸದ ಹಂಗನ್ನು ತೊರೆದರು. ಅಂತ್ಯಪ್ರಾಸವಿಲ್ಲದ ಆ ಇಂಗ್ಲಿಷು ಛಂದಸ್ಸಿಗೆ ಪ್ರತಿಯಾಗಿ ಕನ್ನಡದಲ್ಲಿ ನೆಲೆಗೊಂಡದ್ದು ಸರಳ ರಗಳೆ. ಇದನ್ನು ಕಪ್ಪುಹಲಗೆಯ ಮೇಲೆ ಪ್ರಸ್ತಾರ ಹಾಕಿ ತೋರಿಸಲು ಕನ್ನಡ ಪಂಡಿತರೂ ಇಂಗ್ಲಿಷು ಅಧ್ಯಾಪಕರೂ ಒಂದು ಅವಧಿ ಜೊತೆಯಾಗಿ ನಿಂತರೆ ಸಾಕು. (ಜೊತೆಯಾಗಿ ನಿಲ್ಲುವುದೇ ಶಾಲೆಗಳಲ್ಲಿ ಅಪರೂಪವೆಂಬುದು ಬೇರೆ ಮಾತು.) ಕಿವಿಯ ಸಿದ್ಧತೆ ಮಕ್ಕಳಲ್ಲಿ ಈಗಾಗಲೇ ಇದೆ. ವೀರಭದ್ರನ ಜಾತ್ರೆಯಲ್ಲಿ ಪುರವಂತರು ಹೇಳುವ ಒಡಪನ್ನು ಕೇಳಿದ ಮಗುವಿಗೆ ಉಸಿರು ಎಲ್ಲಿ ನಿಲ್ಲಬೇಕು, ಪೆಟ್ಟು ಎಲ್ಲಿ ಬೀಳಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಾಟಕದ ವಿಷಯದಲ್ಲಿ ಪ್ರಮಾದ ಇನ್ನೂ ದೊಡ್ಡದು. ‘ವೆನಿಸಿನ ವರ್ತಕ’ ನಾಟಕದಲ್ಲಿ ಪೋರ್ಷಿಯಾ ದಯೆಯನ್ನು ಕುರಿತು ಆಡುವ ಮಾತು ಪ್ರೌಢಶಾಲೆಯ ಪಠ್ಯಗಳಲ್ಲಿ ಬಿಡಿಪದ್ಯವಾಗಿ ಕಾಣಿಸಿಕೊಂಡಿದೆ. ಬಿಡಿಪದ್ಯವಾದೊಡನೆ ಅದು ಉಪದೇಶವಾಗುತ್ತದೆ. ದಯೆಯನ್ನು ಕುರಿತ ಬಸವಣ್ಣನವರ ವಚನವನ್ನು ಪಕ್ಕದಲ್ಲಿಟ್ಟು ‘ಎರಡರ ಭಾವವೂ ಒಂದೇ’ ಎಂದು ಹೇಳಿ ಪಾಠ ಮುಗಿಸುವುದು ಈ ಪ್ರಾಂತದಲ್ಲಿ ಸುಲಭವಾದ ದಾರಿ. ಹೋಲಿಕೆ ಇದೆ, ನಿಜ. ಆದರೆ ವಚನದ ಮಾತು ಅಂಕಿತವುಳ್ಳ ಮಾತು. ಆಡಿದವರು ಅದಕ್ಕೆ ತಾವೇ ಹೊಣೆ. ನಾಟಕದ ಮಾತು ಪಾತ್ರದ್ದು. ಯಾರು, ಯಾರಿಗೆ, ಯಾವ ಇಕ್ಕಟ್ಟಿನಲ್ಲಿ ಆಡಿದರು ಎಂಬುದನ್ನು ಬಿಟ್ಟರೆ ಅದು ಅರ್ಧ ಮಾತು.

ಇಲ್ಲಿ ದೊಡ್ಡಾಟದ ಒಂದು ಕ್ರಮ ನೆರವಿಗೆ ಬರುತ್ತದೆ. ಪಾತ್ರವು ರಂಗಕ್ಕೆ ಬಂದೊಡನೆ ಸಾರಥಿಯು ಅದನ್ನು ತಡೆದು, ನೀವಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ತರಗತಿಯಲ್ಲಿ ಒಬ್ಬ ಹುಡುಗ ಸಾರಥಿಯಾಗಲಿ, ಒಬ್ಬ ಹುಡುಗಿ ಪೋರ್ಷಿಯಾ ಆಗಲಿ. ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ಹೊರಡುವ ಸಂಗತಿಗಳು ಸ್ವಾರಸ್ಯಕರವಾಗಿವೆ. ಅವಳು ವಕೀಲಳಲ್ಲ, ವೇಷ ಧರಿಸಿದ ಹೆಣ್ಣುಮಗಳು. ನಿಷ್ಪಕ್ಷಪಾತಿಯೂ ಅಲ್ಲ, ಆಂಟೋನಿಯೋ ಮೂರು ಸಾವಿರ ಡ್ಯೂಕಟ್ ಸಾಲಕ್ಕೆ ಕೊರಳೊಡ್ಡಿದ್ದು ಅವಳ ಗಂಡ ಬಸಾನಿಯೋನಿಗಾಗಿ. ಅವಳ ಮಾತಿಗೆ ಶೈಲಾಕನು ಕರಗುವುದಿಲ್ಲ, ಕಾನೂನನ್ನೇ ಬೇಡುತ್ತಾನೆ. ಮಾಂಸ ತೆಗೆದುಕೋ, ರಕ್ತದ ಹನಿಯೂ ಬೀಳದಿರಲಿ ಎಂಬ ತೀರ್ಪಿನಿಂದ ಕಾನೂನು ಅವನ ಮೇಲೆಯೇ ತಿರುಗುತ್ತದೆ. ಆ ಬಳಿಕ, ದಯೆಯ ಮಾತು ಇನ್ನೂ ಕಿವಿಯಲ್ಲಿರುವಾಗಲೇ, ಅವನ ಆಸ್ತಿ ಕೈಬಿಡುತ್ತದೆ. ಜೀವ ಉಳಿದರೂ ತನ್ನ ಧರ್ಮವನ್ನು ತ್ಯಜಿಸಿ ಕ್ರೈಸ್ತನಾಗಬೇಕೆಂಬ ಕಟ್ಟಳೆ ಬೀಳುತ್ತದೆ. ಇದು ದಯೆಯೋ, ಗೆದ್ದವರ ಸೇಡೋ? ಈ ಪ್ರಶ್ನೆಯನ್ನು ಹದಿನೈದರ ಹರೆಯದವರು ಕೇಳಬಲ್ಲರು. ಅದಕ್ಕೆ ಅವರ ಕೈಯಲ್ಲಿ ಇಡೀ ಅಂಕವಾದರೂ ಇರಬೇಕು. ಕೊಠಡಿಗಳನ್ನು ಕಟ್ಟಿಸಿಕೊಡುವ ದಾನಿಗಳು ಒಂದು ನಾಟಕದ ಮೂವತ್ತು ಪ್ರತಿಗಳನ್ನು ಕೊಡಿಸಿದರೆ ಅದೂ ಕಡಿಮೆಯ ದಾನವಲ್ಲ.

ಈ ಪಾತ್ರವಿವೇಕವು ಬಸವಕಲ್ಯಾಣದ ವಿದ್ಯಾರ್ಥಿಗೆ ವಿಶೇಷವಾಗಿ ಬೇಕು. ಗಿರೀಶ ಕಾರ್ನಾಡರ ‘ತಲೆದಂಡ’ (1990) ಲೇಖಕರಿಂದಲೇ ಇಂಗ್ಲಿಷಿಗೂ ಬಂದಿದೆ. ಅದರ ರಂಗಸ್ಥಳ ಅವನದೇ ಊರು. ಅಲ್ಲಿಯ ಬಸವಣ್ಣ, ಬಿಜ್ಜಳರು ನಾಟಕಕಾರನ ಪಾತ್ರಗಳೆಂದು ತಿಳಿಯದವನು ಅದನ್ನು ಇತಿಹಾಸವೆಂದು ನಂಬುತ್ತಾನೆ, ಇಲ್ಲವೇ ನಿಂದೆಯೆಂದು ಮುಚ್ಚಿಡುತ್ತಾನೆ.

ಸಣ್ಣಕಥೆಗೆ ಬಂದರೆ, ಕಥೆ ಹೇಳುವುದು ಈ ನೆಲಕ್ಕೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಅರಸ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ 11ನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಅಲ್ಲಿ ಕಥೆಯು ನೀತಿಗೆ ನಿದರ್ಶನ. ಆ ಅಭ್ಯಾಸದಿಂದಲೇ ನಾವು ಆರ್. ಕೆ. ನಾರಾಯಣರ ‘ಎ ಹೀರೋ’ ಕಥೆಗೂ ‘ಧೈರ್ಯವೇ ಮುಖ್ಯ’ ಎಂಬ ನೀತಿಯನ್ನು ಅಂಟಿಸುತ್ತೇವೆ. ಧೈರ್ಯವೇ ಮುಖ್ಯವೆಂದು ಹಟ ಹಿಡಿಯುವವರು ಕಥೆಯೊಳಗಿನ ತಂದೆ. ಸ್ವಾಮಿಯಾದರೋ ಕತ್ತಲೆಯಲ್ಲಿ ಬೆಂಚಿನ ಕೆಳಗೆ ನಡುಗುತ್ತ, ಭೂತವೇ ಬಂತೆಂದು ಹೆದರಿ, ಕೈಗೆ ಸಿಕ್ಕ ಕಾಲನ್ನು ಕಚ್ಚುತ್ತಾನೆ. ಅದು ಕಳ್ಳನ ಕಾಲಾಗಿರುತ್ತದೆ. ಊರೆಲ್ಲ ಹೊಗಳಿದ ಮರುರಾತ್ರಿಯೂ ಅವನು ಅಜ್ಜಿಯ ಮಗ್ಗುಲಲ್ಲೇ ಮಲಗುತ್ತಾನೆ. ಕಥೆ ನಗುತ್ತಿರುವುದು ನಾವು ಬರೆಸುವ ಆ ನೀತಿಯನ್ನು ನೋಡಿಯೇ. ದುರ್ಗಸಿಂಹನ ಒಂದು ಕಥೆಯನ್ನೂ ಇದನ್ನೂ ಒಂದೇ ದಿನ ಓದಿಸಿದರೆ ಸಣ್ಣಕಥೆಯೆಂದರೇನೆಂಬ ವ್ಯಾಖ್ಯೆ ಬರೆಸುವ ಅಗತ್ಯವೇ ಬೀಳದು.

ಕೊನೆಯದಾಗಿ ಒಂದು ಅಭ್ಯಾಸವನ್ನು ಸೂಚಿಸಬಹುದು. ಎ. ಕೆ. ರಾಮಾನುಜನ್ನರು 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಎಂಬ ಹೆಸರಿನಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದರು. ಇಲ್ಲಿ ವಿದ್ಯಾರ್ಥಿಯು ಮೂಲವನ್ನು ಬಲ್ಲವನು. ಗೈಡಿನ ಹಂಗಿಲ್ಲದೆ ಇಂಗ್ಲಿಷನ್ನು ತೂಗಿ ನೋಡಬಲ್ಲನು. ಕೂಡಲಸಂಗಮದೇವನೆಂಬ ಅಂಕಿತವನ್ನು ರಾಮಾನುಜನ್ನರು ಹೆಸರಾಗಿ ಉಳಿಸದೆ, ಕೂಡುವ ನದಿಗಳ ಒಡೆಯ ಎಂಬ ಅರ್ಥ ಬರುವಂತೆ ಅನುವಾದಿಸಿದ್ದಾರೆ. ಹೊರಗಿನ ಓದುಗನಿಗೆ ಇದರಿಂದ ಒಂದು ಚಿತ್ರ ದೊರೆಯಿತು. ಆದರೆ ಕೃಷ್ಣಾ ಮಲಪ್ರಭೆಯರು ಕೂಡುವ ಆ ಒಂದು ಕ್ಷೇತ್ರ ಯಾವ ನದಿಗಳ ಸಂಗಮವೂ ಆಗಬಹುದಾಯಿತು. ಸ್ಥಳನಾಮವನ್ನು ಅನುವಾದಿಸಬೇಕೇ, ಬಿಡಬೇಕೇ? ತರಗತಿಯನ್ನು ಎರಡು ಪಕ್ಷ ಮಾಡಿ ವಾದಕ್ಕೆ ಬಿಡಬೇಕು. ವಾದ ಇಂಗ್ಲಿಷಿನಲ್ಲೇ ನಡೆಯಲಿ. ಮಾತು ತಡವರಿಸಿದಲ್ಲಿ ಕನ್ನಡ ಬೆರೆತರೆ ಅಧ್ಯಾಪಕರು ಅಡ್ಡಿಪಡಿಸದಿರಲಿ.