ಕಚೇರಿಯ ಜಾಲದಲ್ಲಿ ಮುದ್ರಣ ನಿಂತಾಗ: ದೋಷ ಪತ್ತೆಯ ಕ್ರಮ



ಕೂಲಿ ಬಿಟ್ಟು ನಮೂನೆ 9ಕ್ಕಾಗಿ ಬಂದವರಿಗೆ ‘ನೆಟ್ ಇಲ್ಲ, ನಾಳೆ ಬನ್ನಿ’ ಎಂದರೆ ಅವರ ಒಂದು ದಿನದ ದುಡಿಮೆ ನಷ್ಟವಾಗುತ್ತದೆ. ತಂತ್ರಾಂಶದಿಂದ ಹೊಸ ದಾಖಲೆ ಪಡೆಯಲು ಅಂತರ್ಜಾಲ ಅಗತ್ಯ; ಆದರೆ ಗಣಕಯಂತ್ರದಲ್ಲಿ ಈಗಾಗಲೇ ಉಳಿಸಿರುವ ಕಡತವನ್ನು ಹಂಚಿಕೊಳ್ಳಲು ಹಾಗೂ ಮುದ್ರಿಸಲು ಕಚೇರಿಯೊಳಗಿನ ಜಾಲವೇ ಸಾಕು. ಆದ್ದರಿಂದ ಮುದ್ರಣ ನಿಂತಾಗ ಕೆಳಕಂಡ ಕ್ರಮದಲ್ಲಿ ಪರಿಶೀಲಿಸತಕ್ಕದ್ದು.

1. ಪ್ರಿಂಟರ್‌ನ ವಿದ್ಯುತ್, ಕಾಗದ, ಕೇಬಲ್ ನೋಡುವುದು. ಪ್ರಿಂಟರ್ ಬೇರೊಂದು ಗಣಕಯಂತ್ರಕ್ಕೆ ಜೋಡಣೆಯಾಗಿದ್ದರೆ ಅದೂ ಚಾಲನೆಯಲ್ಲಿರಬೇಕು.

2. ಎಲ್ಲ ಯಂತ್ರಗಳೂ ಒಂದೇ ರೂಟರ್‌ಗೆ ಸೇರಿರಬೇಕು. ಒಂದು ಯಂತ್ರ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿದ್ದರೆ ಉಳಿದವು ಅದಕ್ಕೆ ಕಾಣಿಸವು.

3. ಗಣಕಯಂತ್ರದ ಐಪಿ ವಿಳಾಸ 169.254 ಎಂದು ಆರಂಭವಾದರೆ, ರೂಟರ್‌ನಿಂದ ವಿಳಾಸ ದೊರೆತಿಲ್ಲವೆಂದು ತಿಳಿಯುವುದು.

4. ವಿದ್ಯುತ್ ಹೋಗಿ ಬಂದ ಬಳಿಕ ಪ್ರಿಂಟರ್ ‘ಆಫ್‌ಲೈನ್’ ಎಂದು ತೋರಿದರೆ ಅದರ ವಿಳಾಸ ಬದಲಾಗಿರಬಹುದು. ರೂಟರ್‌ನಲ್ಲಿ ಅದಕ್ಕೆ ಸ್ಥಿರ ವಿಳಾಸ ಕಾಯ್ದಿರಿಸುವುದು.

5. ಕಡತ ತೆರೆಯದಿದ್ದರೆ ಹಂಚಿಕೆಯ ಅನುಮತಿಯನ್ನು ಸರಿಪಡಿಸುವುದು. ಅದಕ್ಕಾಗಿ ಪಾಸ್‌ವರ್ಡ್ ತೆಗೆಯುವುದಾಗಲಿ, ಫೈರ್‌ವಾಲ್ ನಿಲ್ಲಿಸುವುದಾಗಲಿ ಕೂಡದು. ಅಲ್ಲಿರುವುದು ಜನರ ಆಸ್ತಿಯ ದಾಖಲೆ.

ಈ ಕೆಲಸವನ್ನು ಸದಸ್ಯರು ತಾವೇ ಮಾಡಬೇಕಿಲ್ಲ. ‘ಯಾವ ಹಂತದಲ್ಲಿ ನಿಂತಿದೆ?’ ಎಂದು ವಿಚಾರಿಸಿದರೆ, ‘ನಾಳೆ ಬನ್ನಿ’ ಎಂಬ ಉತ್ತರ ಎಷ್ಟೋ ಬಾರಿ ತಪ್ಪುತ್ತದೆ.